ಏಳು ಪೆಡಲ್ ಇದ್ದರೂ ಕೇಳಿಸದ ಗಿಟಾರ್

"ನೀನು ನುಡಿಸ್ತಾ ಇದ್ದೀಯೋ ಇಲ್ವೋ?" ಅಂತ ನಮ್ಮ ಡ್ರಮ್ಮರ್ ಹಾಡಿನ ಮಧ್ಯೆ ಕೂಗಿ ಕೇಳಿದ. ತಮಾಷೆಗಲ್ಲ, ನಿಜವಾಗಿ ಗೊತ್ತಾಗದೆ ಕೇಳಿದ. ನಾನು ಆಗ ಕಣ್ಣು ಮುಚ್ಚಿಕೊಂಡು ಸೋಲೋ ನುಡಿಸುತ್ತಿದ್ದೆ. ಕಾಲ ಬುಡದಲ್ಲಿ ಏಳು ಪೆಡಲ್, ಅಂದರೆ ಗಿಟಾರಿನ ಸದ್ದು ಬದಲಿಸಲು ಕಾಲಲ್ಲಿ ಒತ್ತುವ ಡಬ್ಬಿಗಳು, ಅದರಲ್ಲಿ ನಾಲ್ಕಕ್ಕೆ ದೀಪ ಉರಿಯುತ್ತಿತ್ತು. ಹಿಂದಿನ ರಾತ್ರಿ ಇದೇ ಸೆಟ್ಟಿಂಗ್‌ನಲ್ಲಿ ರೂಮಿನಲ್ಲಿ ಕೂತು ನುಡಿಸಿದಾಗ ಗೋಡೆ ಬಿದ್ದುಹೋಗುತ್ತೇನೋ ಅನ್ನುವಷ್ಟು ದೊಡ್ಡ ಸದ್ದು ಬಂದಿತ್ತು. ಬ್ಯಾಂಡ್ ಜೊತೆ ನಿಂತ ಕೂಡಲೇ ಅದೆಲ್ಲ ಎಲ್ಲಿ ಹೋಯಿತು?

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಸದ್ದನ್ನು ಒರಟಾಗಿಸುವ ಡಿಸ್ಟಾರ್ಶನ್ ಪೆಡಲ್ ಇನ್ನೊಂದು ಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ನೆಲ ಡೊಂಕು ಅಂದಿದ್ದಲ್ಲದೆ ಹೊಸ ನೆಲವನ್ನೇ ಹಾಕಿಸಲು ಹೊರಟಿದ್ದೆ. ಅದೂ ಕೇಳಿಸಲಿಲ್ಲ. ಮೂರನೆಯದೂ ಅಷ್ಟೇ.

ತಪ್ಪು ಪೆಡಲ್‌ನದ್ದಲ್ಲ, ನನ್ನ ನಾಬ್‌ಗಳದ್ದು. ಒಬ್ಬನೇ ಕೂತು ನುಡಿಸುವಾಗ ನಾವೆಲ್ಲ ಏನು ಮಾಡುತ್ತೇವೆ ಹೇಳಿ. ಬೇಸ್ (ಕೆಳಗಿನ ದನಿ) ಜಾಸ್ತಿ, ಟ್ರೆಬಲ್ (ಮೇಲಿನ ದನಿ) ಜಾಸ್ತಿ, ಮಿಡ್ (ನಡುವಿನದು) ಪೂರ್ತಿ ಕೆಳಗೆ. ಹಾಗೆ ಇಟ್ಟರೆ ಒಂದೇ ಗಿಟಾರ್ ಇಡೀ ಬ್ಯಾಂಡಿನ ಹಾಗೆ ಕೇಳುತ್ತದೆ. ಕೆಳಗೆ ಧಮ್ ಅನ್ನುತ್ತದೆ, ಮೇಲೆ ಮಿರಮಿರ ಅನ್ನುತ್ತದೆ. ಆದರೆ ಬ್ಯಾಂಡಿನಲ್ಲಿ ಕೆಳಗಿನ ಜಾಗ ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್‌ನದ್ದು. ಬೇಸ್ ಗಿಟಾರಿನ ಕೆಳಗಿನ ತಂತಿ 41 ಹರ್ಟ್ಸ್, ನಮ್ಮ ಗಿಟಾರಿನ ದಪ್ಪ ತಂತಿ 82 ಹರ್ಟ್ಸ್. ಅಲ್ಲಿ ಅವರ ಜೊತೆ ಜಗಳಕ್ಕೆ ಇಳಿದರೆ ಸೋಲುವುದು ನಾವೇ. ಮೇಲಿನ ಜಾಗವನ್ನು ಸಿಂಬಲ್‌ಗಳು ನುಂಗಿಬಿಡುತ್ತವೆ. ಗಿಟಾರಿಗೆ ಉಳಿಯುವುದು ನಡುವಿನ ಜಾಗ ಮಾತ್ರ, ಅಂದರೆ ಮಿಡ್ಸ್. ಅದನ್ನೇ ನಾನು ಸೊನ್ನೆ ಮಾಡಿಟ್ಟಿದ್ದೆ!

ಇದಕ್ಕೆ ಕಿವಿಯೂ ಒಂದು ಕಾರಣ. ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿಗೆ ಬೇಸ್ ಅಷ್ಟಾಗಿ ಕೇಳುವುದಿಲ್ಲ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಹಾಗಾಗಿ ರಾತ್ರಿ ಮೆಲ್ಲಗೆ ನುಡಿಸುವಾಗ ಕಿವಿಗೆ ಸಾಲದೆ ಬೇಸ್ ಏರಿಸುತ್ತೇವೆ. ಅದೇ ಸೆಟ್ಟಿಂಗ್ ರಿಹರ್ಸಲ್ ವಾಲ್ಯೂಮ್‌ಗೆ ಹೋದಾಗ ಬೇಸ್ ಎಲ್ಲ ಒಟ್ಟಿಗೆ ಎದ್ದು ಗುಡುಗುಡು ಅಂತ ಕೆಸರಾಗುತ್ತದೆ. ಅದಕ್ಕೇ ಮನೆಯಲ್ಲಿ ಕೂತು ಮಾಡಿದ ಯಾವ ಟೋನ್ ಮೇಲೂ ನನಗೆ ಈಗ ನಂಬಿಕೆ ಇಲ್ಲ. ಬ್ಯಾಂಡಿನ ರೆಕಾರ್ಡಿಂಗ್ ಹಾಕಿಕೊಂಡು ಅದರ ಜೊತೆ ನುಡಿಸಿ ನೋಡಿದರೆ ಸ್ವಲ್ಪ ಪರವಾಗಿಲ್ಲ.

ಹಾಗಾದರೆ ಪೆಡಲ್ ಆರಿಸುವುದು ಹೇಗೆ? ನನ್ನ ರೀತಿ ತುಂಬಾ ಸರಳ. ಮೊದಲು ದೂರು ಬರೆಯಿರಿ. "ಒಳ್ಳೆ ಟೋನ್ ಬೇಕು" ಅನ್ನುವುದು ದೂರಲ್ಲ, ಅದು ಹರಕೆ. "ಸೋಲೋ ಬಂದಾಗ ಕೇಳಿಸಲ್ಲ", "ಕಾರ್ಡ್ (ಒಟ್ಟಿಗೆ ಬಾರಿಸುವ ನೋಟ್‌ಗಳು) ಹಿಡಿದರೆ ಮಬ್ಬು ಮಬ್ಬು", "ಟ್ರೆಬಲ್ ಕಿವಿಗೆ ಚುಚ್ಚುತ್ತೆ", "ನೋಟ್ ಹುಟ್ಟಿದ ತಕ್ಷಣ ಸತ್ತುಹೋಗುತ್ತೆ", "ಕ್ಲೀನ್ (ಡಿಸ್ಟಾರ್ಶನ್ ಇಲ್ಲದ) ಭಾಗ ಒಣಒಣ". ಇವು ದೂರು. ಒಂದು ದೂರಿಗೆ ಒಂದು ಪೆಡಲ್. ದೂರೇ ಇಲ್ಲದೆ ಕೊಂಡ ಪೆಡಲ್ ಮೂರು ತಿಂಗಳಲ್ಲಿ ಡಬ್ಬಿ ಸೇರುತ್ತದೆ. ನನ್ನ ಹತ್ತಿರ ಅಂಥ ಎರಡು ಇವೆ, ಒಂದರ ಪ್ಲಾಸ್ಟಿಕ್ ಕವರ್ ಕೂಡ ಸರಿಯಾಗಿ ಕಿತ್ತಿಲ್ಲ.

ಅರ್ಧ ದೂರುಗಳಿಗೆ ಪೆಡಲ್ ಬೇಕೇ ಇಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಮಬ್ಬು ಅನಿಸಿದರೆ ಮೊದಲು ತಂತಿ ಬದಲಿಸಿ ನೋಡಿ. ಚುಚ್ಚುತ್ತಿದ್ದರೆ ಗಿಟಾರಿನಲ್ಲೇ ಒಂದು ಟೋನ್ ನಾಬ್ ಇದೆ, ಅದನ್ನು ಹತ್ತರಿಂದ ಏಳಕ್ಕೆ ತನ್ನಿ. ಎಷ್ಟೋ ಜನ ಅದನ್ನು ಕೊಂಡ ದಿನದಿಂದ ಮುಟ್ಟಿಯೇ ಇರುವುದಿಲ್ಲ. ಕಾರ್ಡ್ ಮಬ್ಬಾಗುವುದಕ್ಕೂ ಬೇರೆಯೇ ಕಾರಣ ಇರುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಓವರ್‌ಡ್ರೈವ್ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ.

ಓವರ್‌ಡ್ರೈವ್, ಡಿಸ್ಟಾರ್ಶನ್, ಫಝ್ ಮೂರೂ ಮಾಡುವ ಕೆಲಸ ಒಂದೇ. ತಂತಿಯಿಂದ ಬಂದ ಅಲೆಯ ತಲೆಯನ್ನು ಕತ್ತರಿಸುತ್ತವೆ. ಎಷ್ಟು ನಯವಾಗಿ ಕತ್ತರಿಸುತ್ತವೆ ಅನ್ನುವುದರಲ್ಲಿ ವ್ಯತ್ಯಾಸ. 1979ರಲ್ಲಿ ಬಂದ ಐಬನೇಝ್ ಟ್ಯೂಬ್ ಸ್ಕ್ರೀಮರ್ ಟಿಎಸ್808 ಅಂಥದ್ದರಲ್ಲಿ ಅಲೆ ಕತ್ತರಿಸುವ ಡಯೋಡ್‌ಗಳು ಸಿಗ್ನಲ್ ಹಿಗ್ಗಿಸುವ ಆಪ್-ಆಂಪ್ ಚಿಪ್‌ನ ಫೀಡ್‌ಬ್ಯಾಕ್ ದಾರಿಯಲ್ಲಿ ಕೂತಿರುತ್ತವೆ, ಹಾಗಾಗಿ ತಲೆ ಉರುಟಾಗಿ ಬಾಗುತ್ತದೆ. ಬಾಸ್ ಕಂಪನಿಯ ಡಿಎಸ್-1 ಅಥವಾ ಪ್ರೋಕೋ ರ‍್ಯಾಟ್‌ನಲ್ಲಿ ಡಯೋಡ್‌ಗಳು ಸಿಗ್ನಲ್ಲನ್ನು ನೇರ ಗ್ರೌಂಡ್‌ಗೆ ಎಳೆಯುತ್ತವೆ, ಕತ್ತಿಯಲ್ಲಿ ಕಡಿದ ಹಾಗೆ. ಫಝ್‌ನಲ್ಲಿ ಟ್ರಾನ್ಸಿಸ್ಟರ್‌ಗಳನ್ನೇ ಮಿತಿ ಮೀರಿ ಓಡಿಸಿ ಅಲೆಯನ್ನು ಚೌಕವಾಗಿಸುತ್ತಾರೆ. ಅಂದ ಹಾಗೆ, ರ‍್ಯಾಟ್‌ನ ಫಿಲ್ಟರ್ ನಾಬ್ ಉಲ್ಟಾ ಕೆಲಸ ಮಾಡುತ್ತದೆ, ತಿರುಗಿಸಿದಷ್ಟೂ ಟ್ರೆಬಲ್ ಕಡಿಮೆ. ನಾನು ಮೊದಲ ದಿನ ಕೆಟ್ಟುಹೋಗಿದೆ ಅಂದುಕೊಂಡಿದ್ದೆ.

ಟ್ಯೂಬ್ ಸ್ಕ್ರೀಮರನ್ನು ಮನೆಯಲ್ಲಿ ಮೊದಲ ಸಲ ಹಾಕಿದಾಗ ನನಗೆ ಒಂಚೂರೂ ಇಷ್ಟ ಆಗಲಿಲ್ಲ. ನೆಗಡಿ ಆದವರು ಮೂಗಲ್ಲಿ ಮಾತಾಡಿದ ಹಾಗೆ. ಬೇಸ್ ಇಲ್ಲ, ಮಿರುಗೂ ಇಲ್ಲ. ಗೆಳೆಯನಿಂದ ಎರವಲು ತಂದಿದ್ದೆ, ಸುಮ್ನೆ ವಾಪಸ್ ಕೊಡೋಣ ಅಂದುಕೊಂಡೆ. ಆದರೂ ಹಟಕ್ಕೆ ಒಂದು ದಿನ ರಿಹರ್ಸಲ್‌ಗೆ ತೆಗೆದುಕೊಂಡು ಹೋದೆ. ಆಂಪ್ (ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಆಗಲೇ ಸ್ವಲ್ಪ ಗರಗರ ಅನ್ನುವ ಮಟ್ಟಕ್ಕೆ ಇತ್ತು. ಮೊಣಕಾಲೂರಿ ಕೂತು ಡ್ರೈವ್ ನಾಬನ್ನು ಹೆಚ್ಚುಕಡಿಮೆ ಪೂರ್ತಿ ಕೆಳಗಿಳಿಸಿದೆ, ಲೆವೆಲ್ ನಾಬನ್ನು ಮುಕ್ಕಾಲು ಏರಿಸಿದೆ, ಟೋನ್ ನಡುವೆ. ಬ್ಯಾಂಡ್ ನುಡಿಸುತ್ತಲೇ ಇತ್ತು. ಎದ್ದು ನಿಂತು ಪೆಡಲ್ ಒತ್ತಿದೆ. ಗಿಟಾರ್ ಮುಂದಕ್ಕೆ ಬಂದು ನಿಂತಿತು, ಗುಂಪಿನ ಹಿಂದೆ ಇದ್ದವನು ಜನರನ್ನು ಸರಿಸಿಕೊಂಡು ಎದುರಿಗೆ ಬಂದ ಹಾಗೆ. ಡ್ರಮ್ಮರ್ ತಲೆ ಎತ್ತಿ ನೋಡಿದ. ಹಾಡು ಮುಗಿದ ಮೇಲೆ, "ಸ್ವಲ್ಪ ಕಮ್ಮಿ ಮಾಡು ಮಾರಾಯ" ಅಂದ. ಅಷ್ಟು ಖುಷಿ ನನಗೆ ಯಾವ ಹೊಗಳಿಕೆಯಿಂದಲೂ ಆಗಿರಲಿಲ್ಲ.

ಯಾಕೆ ಹೀಗಾಯಿತು ಅಂದರೆ, ಆ ಸರ್ಕ್ಯೂಟ್ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಕಡಿಮೆ ಹಿಗ್ಗಿಸುತ್ತದೆ. ಅಂದರೆ ಬೇಸ್ ಹೋಗಿ ಡಯೋಡ್‌ಗೆ ಬಡಿದು ಕೆಸರಾಗುವುದು ತಪ್ಪುತ್ತದೆ. ಮೇಲಿನದ್ದನ್ನು ಟೋನ್ ಭಾಗ ಇಳಿಸುತ್ತದೆ. ನಡುವೆ ಒಂದು ಗುಡ್ಡ ಉಳಿಯುತ್ತದೆ, ಅದು ಸರಿಯಾಗಿ ಗಿಟಾರಿಗೆ ಬ್ಯಾಂಡಿನಲ್ಲಿ ಸಿಗುವ ಜಾಗ. ನನಗೆ ಮನೆಯಲ್ಲಿ ಮೂಗಿನ ದನಿ ಅನಿಸಿದ್ದೇ ಅಲ್ಲಿ ನನ್ನನ್ನು ಕಾಪಾಡಿತು. ಮೆಟಲ್ ನುಡಿಸುವವರು ಭಾರೀ ಡಿಸ್ಟಾರ್ಶನ್ ಇರುವ ಆಂಪ್ ಮುಂದೆ ಇದೇ ಪೆಡಲನ್ನು ಡ್ರೈವ್ ಸೊನ್ನೆ ಮಾಡಿ ಇಡುವುದೂ ಇದಕ್ಕೇ. ಅವರಿಗೆ ಬೇಕಾಗಿರುವುದು ಅದರ ಡಿಸ್ಟಾರ್ಶನ್ ಅಲ್ಲ, ಅದು ಬೇಸನ್ನು ಬಿಗಿ ಮಾಡುವ ರೀತಿ.

ಗೇನ್, ಅಂದರೆ ಡ್ರೈವ್ ನಾಬ್ ಏರಿಸುವ ಆ ಒರಟುತನದ ಬಗ್ಗೆ ಒಂದು ಮಾತು. ನಿಮಗೆ ಬೇಕು ಅನಿಸುವುದಕ್ಕಿಂತ ಕಡಿಮೆ ಇಡಿ. ಗೇನ್ ಏರಿದಷ್ಟೂ ಮೆಲ್ಲಗೆ ಮೀಟಿದ್ದಕ್ಕೂ ಜೋರಾಗಿ ಮೀಟಿದ್ದಕ್ಕೂ ವ್ಯತ್ಯಾಸ ಅಳಿಸಿಹೋಗುತ್ತದೆ, ಎಲ್ಲ ಒಂದೇ ಎತ್ತರದ ಇಟ್ಟಿಗೆ ಗೋಡೆ. ಆಗ ಕೈ ಏನು ಮಾಡಿದರೂ ಕೇಳುಗನಿಗೆ ತಲುಪುವುದಿಲ್ಲ.

ಕಾರ್ಡ್ ಮಬ್ಬಾಗುತ್ತೆ ಅಂದೆನಲ್ಲ, ಅದರ ಲೆಕ್ಕ ನೋಡಿ, ಮಜವಾಗಿದೆ. ಡಿಸ್ಟಾರ್ಶನ್ ಒಳಗೆ ಎರಡು ನೋಟ್ ಒಟ್ಟಿಗೆ ಹೋದರೆ ಅವುಗಳ ಮೊತ್ತ, ವ್ಯತ್ಯಾಸ ಎಲ್ಲವೂ ಹೊಸ ನೋಟ್‌ಗಳಾಗಿ ಹೊರಬರುತ್ತವೆ. 110 ಹರ್ಟ್ಸ್‌ನ ಎ ಮತ್ತು 165 ಹರ್ಟ್ಸ್‌ನ ಇ, ಅಂದರೆ ಒಂದು ಪವರ್ ಕಾರ್ಡ್. ವ್ಯತ್ಯಾಸ 55. ಅದೂ ಎ, ಒಂದು ಆಕ್ಟೇವ್ ಕೆಳಗೆ. ಅದಕ್ಕೇ ಪವರ್ ಕಾರ್ಡ್ ಅಷ್ಟು ದಪ್ಪಗೆ ಕೇಳುವುದು. ಈಗ ಎ ಜೊತೆ ಸಿ ಶಾರ್ಪ್ ಹಿಡಿಯಿರಿ, 110 ಮತ್ತು ಸುಮಾರು 138.6. ವ್ಯತ್ಯಾಸ 28.6, ಅದು ಎ ಅಲ್ಲ, ಎ ಶಾರ್ಪೂ ಅಲ್ಲ, ಎರಡರ ಮಧ್ಯೆ ಎಲ್ಲೋ. ಇಂಥವು ಹತ್ತಾರು ಸೇರಿದರೆ ಗೊಣಗಾಟ ಶುರು. ಇದಕ್ಕೆ ಯಾವ ಪೆಡಲ್ ಕೊಂಡರೂ ಪರಿಹಾರ ಇಲ್ಲ. ಆರೂ ತಂತಿ ಬಾರಿಸುವ ಬದಲು ಎರಡೋ ಮೂರೋ ತಂತಿ ಬಾರಿಸಿ, ಇಲ್ಲವೇ ಗಿಟಾರಿನ ವಾಲ್ಯೂಮ್ ಇಳಿಸಿ.

ಫಝ್ ಬೇಕು ಅನ್ನುವವರಿಗೆ ಸ್ವಲ್ಪ ತಾಳ್ಮೆ ಬೇಕು. 1962ರಲ್ಲಿ ಮೇಸ್ಟ್ರೋ ಫಝ್-ಟೋನ್ ಬಂತು, 1966ರಲ್ಲಿ ಫಝ್ ಫೇಸ್, ಆ ದುಂಡಗಿನ ಡಬ್ಬಿ, ಒಳಗೆ ಎರಡೇ ಟ್ರಾನ್ಸಿಸ್ಟರ್. ಜಿಮಿ ಹೆಂಡ್ರಿಕ್ಸ್ ಕಾಲ ಕೆಳಗೆ ಇದ್ದದ್ದು ಅದೇ. ಇಂಥ ಹಳೇ ಕಾಲದ ಫಝ್‌ಗಳು ತುಂಬಾ ಮುನಿಸಿನ ಪ್ರಾಣಿಗಳು. ಗಿಟಾರಿನ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ನೇರವಾಗಿ ಎದುರಿಗಿರಬೇಕು ಅವಕ್ಕೆ. ಮಧ್ಯೆ ಬಫರ್ (ಸಿಗ್ನಲ್ ಸೊರಗದಂತೆ ಬಲ ಕೊಡುವ ಸರ್ಕ್ಯೂಟ್) ಇರುವ ಪೆಡಲ್ ಬಂದರೆ ದನಿ ಸಣ್ಣಗಾಗಿ ಕಿರ್ ಅನ್ನುತ್ತವೆ. ನಾನು ಅದರ ಮುಂದೆ ಟ್ಯೂನರ್ ಇಟ್ಟುಕೊಂಡು ಒಂದು ವಾರ ಫಝ್‌ಗೆ ಬೈದೆ. ಟ್ಯೂನರನ್ನು ಹಿಂದಕ್ಕೆ ತಳ್ಳಿದ ಮೇಲೆ ಉಣ್ಣೆ ಉಣ್ಣೆಯಾದ ಆ ಸದ್ದು ಬಂತು. ಗಿಟಾರಿನ ವಾಲ್ಯೂಮನ್ನು ಹತ್ತರಿಂದ ಆರಕ್ಕೆ ಇಳಿಸಿದರೆ ಅದೇ ಪೆಡಲ್ ಗಾಜಿನಂಥ ಕ್ಲೀನ್ ಕೊಡುತ್ತದೆ, ಆಫ್ ಮಾಡುವುದೇ ಬೇಡ. ಜರ್ಮೇನಿಯಂ ಟ್ರಾನ್ಸಿಸ್ಟರ್ ಇದ್ದರೆ ಬಿಸಿಲು ಜೋರಾದ ದಿನ ಸದ್ದೇ ಬೇರೆ. ಬಿಗ್ ಮಫ್ ಅನ್ನುವ ಫಝ್ ಇಷ್ಟಪಡುವವರು ಇನ್ನೊಂದು ನೆನಪಿಡಿ, ಅದರ ಟೋನ್ ಸರ್ಕ್ಯೂಟ್ ಮಿಡ್ಸ್‌ನಲ್ಲಿ ಗುಂಡಿ ತೋಡುತ್ತದೆ. ಒಬ್ಬರೇ ನುಡಿಸಿದರೆ ಸ್ವರ್ಗ. ಬ್ಯಾಂಡಿನಲ್ಲಿ ನನ್ನ ಹಳೇ ಕಥೆಯೇ.

ಯಾರೂ ಆಸೆಪಟ್ಟು ಕೊಳ್ಳದ ಪೆಡಲ್ ಒಂದಿದೆ. ಈಕ್ಯೂ, ಅಂದರೆ ಬೇಸ್‌ನಿಂದ ಟ್ರೆಬಲ್ ತನಕ ಒಂದೊಂದು ಭಾಗವನ್ನೂ ಬೇರೆ ಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಸರ್. ಬಾಸ್ ಜಿಇ-7ರಲ್ಲಿ ಏಳು ಸ್ಲೈಡರ್, 100 ಹರ್ಟ್ಸ್‌ನಿಂದ 6400 ಹರ್ಟ್ಸ್ ತನಕ, ಒಂದೊಂದನ್ನೂ 15 ಡೆಸಿಬೆಲ್ ಮೇಲೆ ಕೆಳಗೆ ಮಾಡಬಹುದು. ನೋಡಲು ಸಪ್ಪೆ. ಆದರೆ ಮೂರು ಡಿಸ್ಟಾರ್ಶನ್ ಕೊಳ್ಳುವ ಬದಲು ನಾನು ಮೊದಲೇ ಇದೊಂದನ್ನು ಕೊಂಡು, ಮೊದಲ ಡಿಸ್ಟಾರ್ಶನ್ ನಂತರ ಇಟ್ಟು 800ರ ಸ್ಲೈಡರನ್ನು ಐದಾರು ಡೆಸಿಬೆಲ್ ಏರಿಸಿ 100ರದ್ದನ್ನು ಇಳಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಇನ್ನೂ ಒಂದು ಲಾಭ, ಸ್ಲೈಡರ್ ಆಡಿಸುತ್ತಾ ಆಡಿಸುತ್ತಾ ಕಿವಿಗೆ ಹೆಸರು ಗೊತ್ತಾಗುತ್ತದೆ. ಡಬ್ಬಿಯೊಳಗೆ ಮಾತಾಡಿದ ಹಾಗೆ ಕೇಳಿದರೆ 400ರ ಆಸುಪಾಸು, ಚುಚ್ಚಿದರೆ 3200ರ ಹತ್ತಿರ. ಹೀಗೆ ಗೊತ್ತಾದ ಮೇಲೆ ಯಾವ ಪೆಡಲ್ ಕೇಳಿದರೂ ಅದು ಏನು ಕೊಡುತ್ತಿದೆ, ಏನು ಕಸಿಯುತ್ತಿದೆ ಅಂತ ಹಿಡಿಯಬಹುದು.

ಸಾಲಾಗಿ ಜೋಡಿಸುವುದರ ಬಗ್ಗೆ ದೊಡ್ಡ ಚರ್ಚೆಗಳಿವೆ, ನಾನು ಚಿಕ್ಕದಾಗಿ ಹೇಳುತ್ತೇನೆ. ಕೊಳೆ (ಓವರ್‌ಡ್ರೈವ್, ಡಿಸ್ಟಾರ್ಶನ್, ಫಝ್) ಮೊದಲು, ಪ್ರತಿಧ್ವನಿ (ಡಿಲೇ, ರಿವರ್ಬ್) ಆಮೇಲೆ. ಡಿಲೇಯನ್ನು ಡಿಸ್ಟಾರ್ಶನ್ ಮುಂದೆ ಇಟ್ಟರೆ ಮರುದನಿಗಳೆಲ್ಲ ಹೊಸ ನೋಟಿನ ಜೊತೆ ಸೇರಿ ಒಟ್ಟಿಗೆ ಅರೆದುಹೋಗುತ್ತವೆ. ನಿಮ್ಮ ಡಿಸ್ಟಾರ್ಶನ್ ಆಂಪ್‌ನದ್ದೇ ಆದರೆ ಡಿಲೇ, ರಿವರ್ಬ್ ಎರಡನ್ನೂ ಆಂಪ್ ಬೆನ್ನಿಗಿರುವ, ಡಿಸ್ಟಾರ್ಶನ್ ಆದ ಮೇಲೆ ಪೆಡಲ್ ಸೇರಿಸಲು ಬಿಟ್ಟಿರುವ ಎಫೆಕ್ಟ್ಸ್ ಲೂಪ್‌ಗೆ ಹಾಕಿ. ಆದರೆ ಇದೇನು ಶಾಸನವಲ್ಲ. ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್ ಸದ್ದನ್ನು ಸುಳಿಯಂತೆ ತಿರುಗಿಸುವ ಫೇಝ್ 90 ಪೆಡಲನ್ನು ಆಂಪ್ ಮುಂದೆಯೇ ಇಟ್ಟಿದ್ದ, ಯಾರೂ ದೂರಲಿಲ್ಲ ಅಲ್ವಾ?

ಡಿಲೇ ಸಮಯ ಹೊಂದಿಸಲು 60000ವನ್ನು ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್) ಭಾಗಿಸಿ. 120 ಆದರೆ 500 ಮಿಲಿಸೆಕೆಂಡ್, ಒಂದು ಬೀಟ್. ಅದರ ಮುಕ್ಕಾಲು 375, ಕುದುರೆ ಓಟದ ಹಾಗೆ ಕೇಳುವ ಆ ಪ್ರಸಿದ್ಧ ಡಿಲೇ ಇದೇ. ಕೋರಸ್ ಪೆಡಲ್ ಬಗ್ಗೆ ನನ್ನನ್ನು ಕೇಳಬೇಡಿ, ನನಗೆ ಅದು ನೀರಲ್ಲಿ ಮುಳುಗಿದ ಗಿಟಾರ್.

ಕರೆಂಟ್ ವಿಷಯ ಬೋರಿಂಗ್, ಆದರೂ ಓದಿ. ಹೆಚ್ಚಿನ ಪೆಡಲ್‌ಗಳಿಗೆ 9 ವೋಲ್ಟ್, ಪ್ಲಗ್‌ನ ನಡುವೆ ನೆಗೆಟಿವ್. ಚಿಕ್ಕ ಅನಲಾಗ್ ಪೆಡಲ್‌ಗೆ ಹತ್ತಿಪ್ಪತ್ತು ಮಿಲಿಆಂಪ್ ಸಾಕು, ಡಿಜಿಟಲ್ ಡಿಲೇ, ರಿವರ್ಬ್‌ಗಳು 100, 300 ಅಂತ ಕುಡಿಯುತ್ತವೆ. ಪೆಡಲ್ ಕೊಳ್ಳುವಾಗ ಈ ಅಂಕಿ ನೋಡಿ. ನಾನು ಎಲ್ಲವನ್ನೂ ಒಂದೇ ಅಡಾಪ್ಟರಿನಿಂದ ಹಾರ ಪೋಣಿಸಿದ ಹಾಗೆ ಪೋಣಿಸಿದ್ದೆ. ಡಿಜಿಟಲ್ ಡಿಲೇ ಆನ್ ಆದಾಗೆಲ್ಲ ಸೊಳ್ಳೆ ಹಾಡಿದ ಹಾಗೆ ಸಣ್ಣ ಕೂಗು. ಸಾಲದ್ದಕ್ಕೆ ಒಂದು ಹಳೇ ಮಾದರಿಯ ಫಝ್ ಉಳಿದವಕ್ಕೆ ಉಲ್ಟಾ ಇರುವ ಪಾಸಿಟಿವ್ ಗ್ರೌಂಡ್‌ನದ್ದು ಅಂತ ಗೊತ್ತಿಲ್ಲದೆ ಅದನ್ನೂ ಅದೇ ಹಾರಕ್ಕೆ ಸೇರಿಸಿದೆ. ಪ್ಯಾಚ್ ಕೇಬಲ್ ಚುಚ್ಚಿದ ಆ ಕ್ಷಣವೇ ಎಲ್ಲ ದೀಪ ಒಟ್ಟಿಗೆ ಆರಿಹೋದವು. ಪುಣ್ಯಕ್ಕೆ ಸತ್ತದ್ದು ಅಡಾಪ್ಟರ್ ಮಾತ್ರ. ಆಮೇಲೆ ಪ್ರತಿ ಪೆಡಲ್‌ಗೂ ಬೇರೆ ಬೇರೆ ಔಟ್‌ಪುಟ್ ಇರುವ ಐಸೊಲೇಟೆಡ್ ಸಪ್ಲೈ ತಂದೆ, ಸೊಳ್ಳೆಯೂ ಹೋಯಿತು.

ಟ್ರೂ ಬೈಪಾಸ್, ಅಂದರೆ ಆಫ್ ಇದ್ದಾಗ ಪೆಡಲ್ ಸಿಗ್ನಲ್ಲನ್ನು ಮುಟ್ಟದೆ ಹಾಗೇ ದಾಟಿಸುತ್ತದೆ, ಅನ್ನುವ ಮಂತ್ರಕ್ಕೂ ಮರುಳಾಗಬೇಡಿ. ಕೇಬಲ್‌ನ ಪ್ರತಿ ಮೀಟರಿಗೂ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ, ಕೇಬಲ್ ಉದ್ದ ಆದಷ್ಟೂ ಟ್ರೆಬಲ್ ಸೋರುತ್ತದೆ. ಬೋರ್ಡಿನ ಹತ್ತೂ ಪೆಡಲ್ ಟ್ರೂ ಬೈಪಾಸ್ ಆಗಿ ಎಲ್ಲವೂ ಆಫ್ ಇದ್ದರೆ ಗಿಟಾರ್ ಒಂದೇ ಉಸಿರಿಗೆ ಅಷ್ಟೂ ಕೇಬಲ್ ದಾಟಬೇಕು. ಎಲ್ಲಾದರೂ ಒಂದು ಒಳ್ಳೆ ಬಫರ್ ಇರಲಿ. ಹಳೇ ಫಝ್ ಇದ್ದರೆ ಅದರ ನಂತರ ಇರಲಿ.

ಹೋಲಿಸಿ ನೋಡುವಾಗ ಒಂದು ಮೋಸ ಇದೆ. ಜೋರಾಗಿ ಕೇಳಿದ್ದು ಚೆನ್ನಾಗಿ ಕೇಳುತ್ತದೆ, ಅಷ್ಟೇ. ಎರಡು ಪೆಡಲ್ ಹೋಲಿಸುವ ಮುಂಚೆ ಎರಡರ ವಾಲ್ಯೂಮ್ ಸಮ ಮಾಡಿ. ಹತ್ತರಲ್ಲಿ ಐದು ಸಲ ನಿಮ್ಮ ಆಸೆ ಅಲ್ಲೇ ಇಳಿದುಹೋಗುತ್ತದೆ. ವಿಡಿಯೊ ನೋಡಿ ಕೊಳ್ಳುವವರಿಗೂ ಇದೇ ಮಾತು, ಅಲ್ಲಿ ಕೇಳುತ್ತಿರುವುದು ಅವರ ಕೈ, ಅವರ ಆಂಪ್, ಅವರ ಮೈಕು. 1994ರಲ್ಲಿ ಬಂದ ಕ್ಲಾನ್ ಸೆಂಟಾರ್ ಅನ್ನುವ ಓವರ್‌ಡ್ರೈವ್ ಪೆಡಲ್ ಒಳಗಿನ ಸರ್ಕ್ಯೂಟ್ ಯಾರಿಗೂ ಕಾಣಬಾರದು ಅಂತ ಅದರ ಮೇಲೆ ಕಪ್ಪು ಎಪಾಕ್ಸಿ ಅಂಟು ಸುರಿದಿದ್ದರು. ಕೊನೆಗೆ ಜನ ಅದನ್ನೂ ಕೆರೆದು ನೋಡಿದರು, ಈಗ ಅದರ ನಕಲುಗಳಿಗೆ ಲೆಕ್ಕವಿಲ್ಲ. ಒಳ್ಳೆ ಪೆಡಲ್ಲೇ, ಸುಳ್ಳು ಹೇಳಲ್ಲ. ಆದರೆ ನನ್ನ ಯಾವ ದೂರಿಗೂ ಅದು ಉತ್ತರ ಆಗಿರಲಿಲ್ಲ.

ಈಗ ನನ್ನ ಬೋರ್ಡಿನಲ್ಲಿ ಐದು ಇವೆ. ಫಝ್, ಟ್ಯೂನರ್, ಓವರ್‌ಡ್ರೈವ್, ಈಕ್ಯೂ, ಡಿಲೇ. ಪಟ್ಟಿಯಲ್ಲಿ ಒಂದೇ ದೂರು ಉಳಿದಿದೆ, ನಿಧಾನ ಹಾಡಿನ ಕ್ಲೀನ್ ಭಾಗದಲ್ಲಿ ಉದ್ದ ಕಾರ್ಡ್ ಹಿಡಿದು ನಿಂತರೆ ಅದು ಸುಮ್ಮನೆ ಒಣಗುತ್ತಾ ಹೋಗುತ್ತದೆ. ರಿವರ್ಬ್ ಹಾಕಿದರೆ ಹಾಡುಗಾರ್ತಿಯ ದನಿಯ ಮೇಲೆ ಮಂಜು ಕವಿದ ಹಾಗಾಗುತ್ತದೆ. ಟ್ರೆಮೊಲೊ (ಸದ್ದನ್ನು ಅಲೆಯ ಹಾಗೆ ಏರಿಳಿಸುವ ಪೆಡಲ್) ಸರಿಹೋಗಬಹುದು ಅನಿಸಿ ಅದೇ ಗೆಳೆಯನಿಂದ ಒಂದು ಎರವಲು ತಂದಿದ್ದೇನೆ. ಮನೆಯಲ್ಲಿ ತುಂಬಾ ಚೆನ್ನಾಗಿ ಕೇಳುತ್ತಿದೆ, ನನಗೆ ಅದೇ ಭಯ. ಶನಿವಾರ ರಿಹರ್ಸಲ್ ಇದೆ.